ವೆಂಡೆಲ್ ಮುಳುಗಿಸಿದ ಬಂದೂಕುಗಳು

ಅಮೆರಿಕದ ಇಲಿನಾಯ್‌ ರಾಜ್ಯದ ನಮ್ಮೂರಿನ ದನದ ಮೇವಿನ ಅಂಗಡಿಗೆ ನಾನು ಮೂಟೆ ಹೊರಲು ಸೇರಿದ ವಾರ, ಗಿರಾಕಿ ವೆಂಡೆಲ್ ತನ್ನ ಬಂದೂಕುಗಳೆಲ್ಲ ದೋಣಿ ಮಗುಚಿ ಕೆರೆಪಾಲಾದವು ಎಂದ. ನಾನು ಮರುಗಿ, ಮುಳುಗಿ ಹುಡುಕಿಕೊಡುತ್ತೇನೆ ಎಂದೆ. ಅಂಗಡಿಯೆಲ್ಲ ನಕ್ಕಿತು. ಬಂದೂಕಿನ ಲೆಕ್ಕ ಕೇಳುವ ಸರ್ಕಾರಕ್ಕೆ ಇಲ್ಲಿನವರು ಹೇಳುವ ಸುಳ್ಳಂತೆ ಅದು.

ಈಗ ಹೊಸ ಕಾನೂನು ಬಂದಿದೆ; ಶುಕ್ರವಾರದೊಳಗೆ ತನ್ನ ಅಪ್ಪನ ಕಾಲದ ರೈಫಲನ್ನು ಸರ್ಕಾರಿ ಪಟ್ಟಿಗೆ ಬರೆಸದಿದ್ದರೆ ವೆಂಡೆಲ್ ಅಪರಾಧಿ.

"ಇವತ್ತು ಪಟ್ಟಿ ಕೇಳ್ತಾರೆ, ನಾಳೆ ಅದೇ ಪಟ್ಟಿ ಹಿಡ್ಕೊಂಡು ಮನೆಗೆ ಬರ್ತಾರೆ ಕಣೋ," ಎನ್ನುತ್ತ ನನ್ನ ಕಿವಿಯ ಮೇಲಿನ ಪೆನ್ನನ್ನೂ ಅನುಮಾನದಿಂದ ನೋಡಿದ.

"ಯಾರ ಹತ್ರ ಬೇಕಾದ್ರೂ ಬಂದೂಕಿರಲಿ ಅಂತೀರಲ್ಲ ಸಾರ್, ನಿಮ್ಮ ಅಳಿಯ ಕುಡ್ಕೊಂಡು ಬಂದು ಆ ರೈಫಲ್ ಕೇಳಿದ್ರೆ ಕೊಡ್ತೀರಾ?"

"ಕೊಡಲ್ಲ. ಆದ್ರೆ ಕೊಡಲ್ಲ ಅನ್ನೋನು ನಾನು, ಸರ್ಕಾರ ಅಲ್ಲ."