ಅಳತೆಗೆ ಮುಂಚೆ ಕೇಳುವ ಮಾತು

ಹೊಲಿಗೆ ಟೀಚರಿಗೆ ಆ ಪೀರಿಯಡ್ ಗಂಟುಬಿದ್ದದ್ದು ಬೇರೆ ಯಾರೂ ಮುಂದೆ ಬಾರದ ಕಾರಣಕ್ಕೆ. ಒಪ್ಪಿಗೆ ಎಂದರೇನು, ಒಳ್ಳೆಯ ಸ್ನೇಹ ಎಂದರೇನು ಎಂಬುದನ್ನೆಲ್ಲ ಏಳನೇ ತರಗತಿಗೆ ಕಲಿಸಬೇಕೆಂದು ಮೇಲಿನಿಂದ ಆದೇಶ ಬಂದಾಗ ವಿಜ್ಞಾನದವರು ಕೆಮ್ಮಿದರು, ಭಾಷೆಯವರು ಕಿಟಕಿಯ ಕಡೆ ನೋಡಿದರು. ಈಕೆ ಮಾತ್ರ, "ಕೊಡಿ ಇತ್ಲಾಗೆ, ಅದೇನು ಹುಲಿಯಾ ಕರಡಿಯಾ?" ಎಂದರು. ಹೆದರಿಕೆ ಅವರ ಜಾಯಮಾನದಲ್ಲೇ ಇರಲಿಲ್ಲ.

ಪುಸ್ತಕ ತೆರೆದರೆ ಸಾಕು, ಮಕ್ಕಳು ತಲೆ ತಗ್ಗಿಸಿ ಕಿಸಕ್ಕೆಂದು ನಗುತ್ತಿದ್ದರು. ಟೀಚರ್ ಪುಸ್ತಕ ಮುಚ್ಚಿ ಅಳತೆಯ ಟೇಪು ಕೈಗೆತ್ತಿಕೊಂಡರು. ಟೈಲರಮ್ಮನ ಮಗಳಲ್ಲವೇ? ಅವರ ಅಮ್ಮ ಅಂಗಡಿಗೆ ಬಂದವರನ್ನು ತೋಳು ಹಿಡಿದು ಬುಗುರಿಯಂತೆ ತಿರುಗಿಸಿ ಅಳೆಯುತ್ತಿದ್ದ ಗಟ್ಟಿಗಿತ್ತಿ. ಮುಜುಗರದವರು ಅಳತೆಗೆಂದು ಹಳೇ ಅಂಗಿ ಕೊಟ್ಟು ಪಾರಾಗುತ್ತಿದ್ದರು. ಮಗಳು ಅದನ್ನೇ ಪಾಠ ಮಾಡಿಕೊಂಡರು. ಮಕ್ಕಳು ತಾವೇ ಆರಿಸಿಕೊಂಡ ಜೊತೆಗಾರರಿಗೆ ಒಂದು ಸಾದಾ ಅಂಗಿ ಹೊಲಿಯಬೇಕು. ಟೇಪು ತಾಗಿಸುವ ಮುಂಚೆ "ಅಳತೆ ತಗೊಳ್ಲಾ?" ಎಂದು ಕೇಳಿ, ಉತ್ತರಕ್ಕೆ ಕಾಯಬೇಕು. ಬೇಡ ಎಂದರೆ ಮನೆಯಿಂದ ತಂದ ಹಳೇ ಅಂಗಿಯನ್ನು ಅಳೆಯಬೇಕು. ಯಾಕೆ ಬೇಡ ಎಂದು ಪೀಡಿಸುವಂತಿಲ್ಲ, ಮುಖ ಊದಿಸಿಕೊಳ್ಳುವಂತಿಲ್ಲ.

ಎಡವಟ್ಟಾದದ್ದು ಮೊದಲ ದಿನವೇ. ಒಬ್ಬ ಹುಡುಗ "ಬೇಡ" ಎಂದದ್ದೇ ತಡ, ಟೀಚರ್ ಖುಷಿಯಲ್ಲಿ "ಶಭಾಷ್!" ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿಬಿಟ್ಟರು. ಮಕ್ಕಳಿಗೋ, ಚಪ್ಪಾಳೆ ಬಿದ್ದದ್ದೇ ಸರಿಯುತ್ತರ. ಮರುವಾರ ಇಡೀ ತರಗತಿ ಬೇಡ ಎಂದಿತು. ಮನೆಯಲ್ಲೂ ಅದೇ ರಾಗ: ಸ್ನಾನ ಬೇಡ, ಕ್ಷೌರ ಬೇಡ. ಅಪ್ಪ ಅಮ್ಮಂದಿರು ದಂಡು ಕಟ್ಟಿಕೊಂಡು ದೊಡ್ಡ ಮೇಡಂ ಹತ್ತಿರ ಹೋದರು.

ದೊಡ್ಡ ಮೇಡಂ ಎಂದರೆ ಮುಖ್ಯೋಪಾಧ್ಯಾಯಿನಿ. "ಶುಕ್ರವಾರ ನಾನೇ ಬಂದು ಕೂರ್ತೀನಿ. ಸರಿ ಅನ್ನಿಸ್ಲಿಲ್ಲ ಅಂದ್ರೆ ಆ ಪೀರಿಯಡ್ ಗಣಿತಕ್ಕೆ ಹೋಗುತ್ತೆ" ಎಂದರು.

"ಧಾರಾಳವಾಗಿ ಬನ್ನಿ ಮೇಡಂ. ನೋಡಿದ್ಮೇಲೆ ಹೇಳಿ" ಎಂದರು ಟೀಚರ್.

ಶುಕ್ರವಾರ ದೊಡ್ಡ ಮೇಡಂ ಹಿಂದಿನ ಬೆಂಚಿನಲ್ಲಿ ಕುಳಿತರು. ಟೀಚರ್ ಸುತ್ತಿಬಳಸಲಿಲ್ಲ. "ಚಪ್ಪಾಳೆ ಹೊಡೆಸಿದ್ದು ನನ್ನ ತಪ್ಪು ಕಣ್ರೋ. ಬೇಡ ಅಂದೋರು ಜಾಣರೂ ಅಲ್ಲ, ಹೂಂ ಅಂದೋರು ಪೆದ್ದರೂ ಅಲ್ಲ. ನಿಮಗೆ ಏನನ್ಸುತ್ತೋ ಅದನ್ನ ಹೇಳಿ. ಸ್ನಾನ ಬೇಡ ಅನ್ನೋದು ಮಾತ್ರ ಬರೀ ಸೋಮಾರಿತನ!"

ತರಗತಿ ಗೊಳ್ಳೆಂದು ನಕ್ಕಿತು. ಯಾವತ್ತೂ ದನಿ ಎತ್ತದ ಕಾರಣ ಪಿಸುಮಾತು ಎಂದೇ ಹೆಸರಾದ ಹುಡುಗಿಯನ್ನು ಅವಳ ಗೆಳತಿ ಕೇಳಿದಳು, "ಅಳತೆ ತಗೊಳ್ಲಾ?" ಪಿಸುಮಾತು ಸ್ವಲ್ಪ ಯೋಚಿಸಿ ಹೂಂ ಎಂದಳು. ಭುಜವಾಯಿತು, ತೋಳಾಯಿತು. ಟೇಪು ಸೊಂಟಕ್ಕೆ ಬರುತ್ತಲೇ "ಸಾಕು" ಎಂದಳು. ಗೆಳತಿ ತಕ್ಷಣ ಟೇಪು ತೆಗೆದು, ಮೇಜಿನ ಮೇಲೆ ಹಳೇ ಅಂಗಿ ಹರಡಿ ಉಳಿದದ್ದನ್ನು ಅಳೆದುಕೊಂಡಳು. ಇಬ್ಬರೂ ಟೀಚರ್ ಮುಖ ನೋಡಲಿಲ್ಲ. ಟೀಚರಿಗೆ ಎದೆ ತುಂಬಿ ಬಂತು, ಆದರೂ ಈ ಸಲ ಚಪ್ಪಾಳೆ ಹೊಡೆಸಲಿಲ್ಲ.

ದೊಡ್ಡ ಮೇಡಂಗೆ ಹಿಗ್ಗೋ ಹಿಗ್ಗು. ಎದ್ದು ಬಂದವರೇ, "ಜಾಣೆ ಕಣೇ ನೀನು!" ಎಂದು ಪಿಸುಮಾತಿನ ತಲೆ ಸವರಲು ಕೈ ಚಾಚಿದರು.

ಹುಡುಗಿ ಹಿಂದೆ ಸರಿದಳು. "ಬೇಡ ಮೇಡಂ." ಈ ಸಲ ಕೋಣೆಗೆಲ್ಲ ಕೇಳಿಸಿತು.

ಟೀಚರಿಗೆ ಗೊತ್ತಿತ್ತು: ಪೀರಿಯಡ್ ಉಳಿಸುವವರೂ ಇವರೇ, ಕಸಿಯುವವರೂ ಇವರೇ. 'ಮೇಡಂ ಅಲ್ವೇನೇ, ಸುಮ್ನಿರು' ಎಂದುಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು. ಮಾತು ನಾಲಿಗೆ ತುದಿಗೂ ಬಂತು. ಟೀಚರ್ ಅದನ್ನು ನುಂಗಿಕೊಂಡು ಹುಡುಗಿಯ ಪಕ್ಕಕ್ಕೆ ಹೋಗಿ ನಿಂತರು. ಪೀರಿಯಡ್ ಹೋದರೆ ಹೋಗಲಿ, ಈ ಮಗು ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವಂತೆ ಆಗಬಾರದು.

"ಅವಳು ಬೇಡ ಅಂದಳು ಮೇಡಂ" ಎಂದರು.

ಚಾಚಿದ ಕೈ ಗಾಳಿಯಲ್ಲೇ ನಿಂತಿತ್ತು. ಮಕ್ಕಳು ಆ ಕೈಯನ್ನೇ ನೋಡುತ್ತಿದ್ದರು. ದೊಡ್ಡ ಮೇಡಂ ಅದನ್ನು ನಿಧಾನವಾಗಿ ಇಳಿಸಿದರು.

"ನಾನು ಕೇಳ್ಬೇಕಿತ್ತು ಕಣಮ್ಮ" ಎಂದರು ಹುಡುಗಿಗೆ. ಆಮೇಲೆ ಟೀಚರ್ ಕಡೆ ತಿರುಗಿ, "ಗಣಿತಕ್ಕೆ ಬೇರೆ ಪೀರಿಯಡ್ ಹುಡುಕ್ತೀನಿ" ಎಂದು ಹೊರಟರು.