ಬಿಳಿ ಎದೆಯ ಕಾಗೆ

ಕಾಗೆ ಡೇರೆಯ ಹಗ್ಗದ ಮೇಲೆ ಕೂತೇ ಇತ್ತು, ಅನ್ನ ಮುಟ್ಟಲಿಲ್ಲ. ನಮ್ಮೂರಿನ ಕಾಗೆಯಂತಲ್ಲ, ಅದರ ಎದೆ ಬೆಳ್ಳಗಿತ್ತು.

ಅರವತ್ತರ ದಶಕದ ಮಾತು. ಕೀನ್ಯಾದ ಕಾಡಿನ ನಡುವೆ, ಪ್ರಾಣಿಗಳನ್ನು ನೋಡಲು ಬರುವ ಶ್ರೀಮಂತರ ಶಿಬಿರವೊಂದರಲ್ಲಿ ನಮ್ಮ ಯಜಮಾನರು ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ನಾವೂ ಅಲ್ಲೇ ಒಂದು ಡೇರೆಯಲ್ಲಿದ್ದೆವು. ಆ ದಿನ ಯಡಿಯೂರಿನ ತವರುಮನೆಯಲ್ಲಿ ಅಮ್ಮನ ತಿಥಿ. ತೀರಿಕೊಂಡ ಸುದ್ದಿ ತಂತಿಯಲ್ಲಿ ಬಂದಿತ್ತು. ಹಡಗು ಹಿಡಿದು ಊರು ಸೇರುವಷ್ಟು ಸಮಯವಿರಲಿಲ್ಲ. ಬಾಳೆ ಎಲೆ ಸಿಗದೆ, ಅತಿಥಿಗಳ ಚಿನ್ನದಂಚಿನ ಪಿಂಗಾಣಿ ತಟ್ಟೆಯಲ್ಲೇ ಮೊಸರನ್ನ ಇಟ್ಟು ಕಾದೆ.

ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮಲ್ಲಿ ನಂಬಿಕೆ. ಅದನ್ನು ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು.

"ಏನಾದ್ರೂ ಮಾತು ಕೊಡು," ಎಂದರು ಯಜಮಾನರು.

"ಏನಂತ ಕೊಡ್ಲಿ ರೀ? ಅಮ್ಮ ಕೇಳ್ತಿದ್ದಿದ್ದು ಒಂದೇ, ನನ್ ಮುಖ ಒಂದ್ಸಲ ನೋಡ್ಬೇಕು ಅಂತ. ಅದನ್ನ ಇನ್ನು ಹೆಂಗ್ ನಡೆಸ್ಲಿ?"

ನಾನು ಡೇರೆಯ ನೆರಳಿನಿಂದ ಬಿಸಿಲಿಗೆ ಬಂದು, ತಲೆಯ ಮೇಲಿನ ಸೆರಗು ಸರಿಸಿ ನಿಂತೆ. ಕಾಗೆ ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿತು. ಆಮೇಲೆ ಇಳಿದು ಬಂದು ತಿಂದಿತು.

ಈಗ ಜಯನಗರದಲ್ಲಿದ್ದೇವೆ. ಪ್ರತಿ ವರ್ಷ ಅಮ್ಮನ ಹೆಸರಿನಲ್ಲಿ ತಾರಸಿಯ ಮೇಲೆ ಅನ್ನ ಇಡುತ್ತೇನೆ. ಕೈ ತೆಗೆಯುವಷ್ಟರಲ್ಲಿ ಕಾಗೆಗಳು ಮುತ್ತಿಕೊಂಡು, ತಿಂದು ಹಾರಿಹೋಗುತ್ತವೆ. ಸೆರಗು ಸರಿಸಿ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತೇನೆ. ಯಾವುದೂ ನನ್ನ ಮುಖ ನೋಡುವುದಿಲ್ಲ.