ಯಹೂದಿ ಗೋರಿ ನೋಡಿ ಬಂದವರ ಸ್ನಾನ

ಮಲೇಷ್ಯಾದ ಪೆನಾಂಗಿನ ಯಹೂದಿ ಮತ್ತು ಕ್ಯಾಥೊಲಿಕ್ ಪರಂಪರೆಯನ್ನು ಒಂದೇ ದಿನದಲ್ಲಿ ತೋರಿಸಿ ಮುಗಿಸುವ ಗೈಡ್ ಪ್ರವಾಸಕ್ಕೆ ನಾವು ಹೋದದ್ದು ಚರಿತ್ರೆಯ ಆಸಕ್ತಿಯಿಂದ ಎಂದು ಈಗ ಎಲ್ಲರೂ ಹೇಳುತ್ತಾರೆ. ನನ್ನ ನೆನಪಿನ ಪ್ರಕಾರ ಬೀಚಿನಲ್ಲಿ ಮಳೆ ಬರುವ ಸೂಚನೆಯಿತ್ತು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ; ನಮ್ಮ ಚರಿತ್ರೆಯ ಆಸಕ್ತಿಯನ್ನು ಇನ್ನೂ ಕಡಿಮೆ ನಂಬುತ್ತೇನೆ.

ಕೌಲಾಲಂಪುರದ ಮೆಡಿಕಲ್ ಕಾಲೇಜಿನಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಪಾಠ ಹೇಳುವ ನನ್ನ ಗಂಡ, ಅದೇ ಕಾಲೇಜಿನ ಮಣಿಪಾಲದ ಕಡೆಯ ಡಾಕ್ಟರ್ ದಂಪತಿ, ನಾನು, ಉಡುಪಿಯಿಂದ ನಮ್ಮಲ್ಲಿಗೆ ಬಂದಿದ್ದ ನನ್ನ ಅತ್ತೆ, ಇಷ್ಟು ಜನ ವ್ಯಾನಿನಲ್ಲಿದ್ದೆವು. ಅತ್ತೆಗೂ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಮಧ್ಯಾಹ್ನದ ಊಟ ತಡವಾದರೆ ಅವರ ಕೈ ನಡುಗುತ್ತದೆ, ಮಾತು ತಡವರಿಸುತ್ತದೆ.

ಮೊದಲ ನಿಲುಗಡೆ ಯಹೂದಿಗಳ ಸ್ಮಶಾನ. ನನ್ನ ಗಂಡ ತಾಯಿಗೆ ಅದನ್ನು ‘ಹಳೆಯ ತೋಟ’ ಎಂದಿದ್ದರು. ಮರಗಳಿದ್ದವು, ನಿಜ. ಮರಗಳ ಕೆಳಗೆ ಮುಚ್ಚಳ ಹಾಕಿದ ಪೆಟ್ಟಿಗೆಗಳಂತೆ ಗೋರಿಗಳು, ಕೆಲವುಗಳ ಮೇಲೆ ಯಾರೋ ಇಟ್ಟ ಪುಟ್ಟ ಕಲ್ಲುಗಳು. ನಮ್ಮ ಗೈಡ್ ಪೆನಾಂಗಿನಲ್ಲೇ ಹುಟ್ಟಿದ ತಮಿಳು ಕ್ಯಾಥೊಲಿಕ್. ಆ ಜನ ಈಗ ಇಲ್ಲಿಲ್ಲ, ಅವರ ಪ್ರಾರ್ಥನೆಯ ಮನೆ ಅಂಗಡಿಯಾಯಿತು, ಅವರ ಹೆಸರಿದ್ದ ರಸ್ತೆಯ ಹೆಸರೂ ಬದಲಾಯಿತು ಎಂದರು. ನಾವು ದುಃಖಪಟ್ಟೆವು. ಡಾಕ್ಟರ್ ಗೆಳೆಯರು ಸಹಬಾಳ್ವೆಯ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನ ತಮ್ಮ ಫ್ಲ್ಯಾಟನ್ನು ಬಾಡಿಗೆಗೆ ಕೊಡುವ ಮುನ್ನ ಅವರು ಕೇಳುವ ಮೊದಲ ಪ್ರಶ್ನೆ, ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂಬುದು.

ಹೊರಡುವಾಗ ಗೈಡ್ ಗೇಟಿನ ಬಳಿ ಬಾಟಲಿ ನೀರು ಹಿಡಿದು ನಿಂತರು. ಸ್ಮಶಾನದಿಂದ ಹೊರಟವರು ಕೈ ತೊಳೆಯುವುದು ಯಹೂದಿಗಳ ಪದ್ಧತಿಯಂತೆ. ಡಾಕ್ಟರ್ ದಂಪತಿ ಅದನ್ನು ವಿಡಿಯೋ ಮಾಡಿಕೊಂಡರು. ಅತ್ತೆ ಮಾತ್ರ ಶ್ರದ್ಧೆಯಿಂದ ಕೈ ತೊಳೆದು, ಮಗನ ಕಡೆ ತಿರುಗಿದರು.

“ಅವರಿಗೆ ಕೈ ಸಾಕು. ನಮಗೆ ತಲೆಗೇ ಆಗ್ಬೇಕು. ಸ್ನಾನ ಆಗದೆ ನಾನು ಊಟ ಮಾಡುದಿಲ್ಲ ಮಾರಾಯ.”

ಅವರು ಇದನ್ನು ಹೇಳಿದ್ದು ವ್ಯಾನು ಹೊರಟ ಮೇಲೆ ಎಂದು ನನ್ನ ಗಂಡನ ವಾದ. ತಾವು ಏನೂ ಮಾಡಲಾಗದ ಜಾಗದಲ್ಲೇ ಎಲ್ಲವೂ ನಡೆಯಿತೆಂದು ನೆನಪಿಟ್ಟುಕೊಳ್ಳುವುದು ಅವರ ಅಭ್ಯಾಸ.

ಆ ಬೆಳಿಗ್ಗೆಯೇ ಹೋಟೆಲಿನ ಕೋಣೆ ಬಿಟ್ಟು, ಚೀಲಗಳನ್ನೆಲ್ಲ ವ್ಯಾನಿಗೆ ಹಾಕಿಯಾಗಿತ್ತು. ಮುಂದಿನ ನಿಲುಗಡೆಯಾದ ಚರ್ಚ್ ಮುಟ್ಟುವವರೆಗೂ ಮೂವರು ಡಾಕ್ಟರುಗಳು ಸೇರಿ ಒಬ್ಬ ಮುದುಕಿಗೆ ವಿಜ್ಞಾನ ಹೇಳಿದರು. ಸಾಂಕ್ರಾಮಿಕ ರೋಗಗಳ ಕಾಲದ ಪದ್ಧತಿ ಎಂದರು ಒಬ್ಬರು. ಆ ಗೋರಿಗಳು ಎಷ್ಟು ಹಳೆಯವೆಂದರೆ ಸೂತಕವೂ ಸತ್ತಿರುತ್ತದೆ ಎಂದರು ಇನ್ನೊಬ್ಬರು. ನನ್ನ ಗಂಡ ಬಾಳೆಹಣ್ಣು ಸುಲಿದು ಹಿಡಿದರು. ಅತ್ತೆ ಕಿಟಕಿಯ ಕಡೆ ಮುಖ ಮಾಡಿದರು.

ಚರ್ಚಿನ ಒಳಗೂ ಅವರು ಬರಲಿಲ್ಲ. “ಮೈಲಿಗೆಯಲ್ಲಿ ದೇವರ ಹತ್ರ ಹೋಗ್ಲಿಕ್ಕಾಗುದಿಲ್ಲ. ಅವರ ದೇವರಾದ್ರೂ ದೇವರೇ ಅಲ್ವಾ?” ಎಂದು ನನ್ನಲ್ಲಿ ಹೇಳಿ ವ್ಯಾನಿನಲ್ಲೇ ಕೂತರು. ಹಳೆಯ ಪೈಪ್ ಆರ್ಗನ್ ಬಗ್ಗೆ ಗೈಡ್ ಹೇಳುತ್ತಿರುವಾಗ ನಾವು ಬಲಿಪೀಠಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಂಡೆವು. ಅದನ್ನು ದೇವರ ಜಾಗವೆಂದು ತಿಳಿದಿದ್ದ ನಮ್ಮ ಪೈಕಿಯ ಒಬ್ಬರೇ ಒಬ್ಬರು ಹೊರಗಿದ್ದರು.

ನಾವು ವ್ಯಾನಿಗೆ ಮರಳಿದಾಗ ಅತ್ತೆಯ ಹಣೆ ಬೆವೆತಿತ್ತು, ಸೆರಗು ಹಿಡಿದ ಬೆರಳು ನಡುಗುತ್ತಿತ್ತು. ನನ್ನ ಗಂಡನ ವಿಜ್ಞಾನ ಅಲ್ಲಿಗೆ ಮುಗಿಯಿತು. ಉಳಿದ ಪರಂಪರೆ ಬೇಡವೆಂದು ಗೈಡಿಗೆ ಹೇಳಿ, ಬಾಳೆಎಲೆ ಊಟದ ತಮಿಳು ಹೋಟೆಲಿಗೆ ವ್ಯಾನು ಓಡಿಸಿದರು. ಮೇಲೆ ಲಾಡ್ಜ್, ಕೆಳಗೆ ಊಟ. ಒಂದೇ ಒಂದು ಕೋಣೆ ಹಿಡಿದೆವು, ಅತ್ತೆಗೆ ಮಾತ್ರ.

ನಾನು ಬಾತ್‌ರೂಮಿನ ಬಾಗಿಲಲ್ಲೇ ನಿಂತಿದ್ದೆ. ಬೇಗ ತಲೆಗೆ ನೀರು ಹೊಯ್ದುಕೊಂಡು, ಸೀರೆ ಬದಲಿಸಿ, ನನ್ನ ಕೈ ಹಿಡಿದು ಅವರು ಕೆಳಗಿಳಿದರು. ಎಲೆಯ ಮುಂದೆ ಕೂರಿಸಿದೆ. ಎಲ್ಲರೂ ಕೂರದೆ ಅತ್ತೆ ಊಟ ಶುರು ಮಾಡಿದ್ದನ್ನು ನಾನು ಯಾವತ್ತೂ ಕಂಡಿಲ್ಲ. ಉಳಿದವರನ್ನು ಕರೆಯಲು ಮೇಲೆ ಹೋದೆ.

ಕೋಣೆಯ ಹೊರಗೆ ಸಾಲು. ಡಾಕ್ಟರಮ್ಮ ಒಳಗಿದ್ದರು. ಗೆಳೆಯರ ಹೆಗಲ ಮೇಲೆ ಟವೆಲ್. ಅವರ ಹಿಂದೆ ಸೋಪು ಹಿಡಿದ ನನ್ನ ಗಂಡ.

“ಸೆಕೆ ಅಲ್ವಾ,” ಎಂದರು ಗೆಳೆಯರು.

“ಹೇಗೂ ಕೋಣೆಗೆ ದುಡ್ಡು ಕೊಟ್ಟಾಗಿದೆ,” ಎಂದರು ನನ್ನ ಗಂಡ.

ಅಮ್ಮ ಕಾಯುತ್ತಿದ್ದಾರೆ ಎಂದೆ. ಈಗ ಬಂದೆವು ಎಂದರು. ನಾನು ಬರಿಯ ಮುಖ ತೊಳೆಯಲೆಂದು ನಿಂತೆ, ಅದು ಚೆನ್ನಾಗಿ ನೆನಪಿದೆ. ಕೈಯಲ್ಲಿ ಚೂಡಿದಾರ ಯಾಕಿತ್ತು ಎಂಬುದು ನೆನಪಿಲ್ಲ.

ಹಸಿ ತಲೆಗಳ ಮೆರವಣಿಗೆ ಕೆಳಗಿಳಿದಾಗ ಅತ್ತೆ ಎಲೆ ಮಡಚಿ ಮಜ್ಜಿಗೆ ಕುಡಿಯುತ್ತಿದ್ದರು. ಬೆರಳು ನಡುಗುತ್ತಿರಲಿಲ್ಲ. ನಮ್ಮ ತಲೆಗಳನ್ನು ಒಂದೊಂದಾಗಿ ನೋಡಿದರು.

“ನಾನು ಉಂಡೆ,” ಎಂದರು. “ನಿಮ್ಮ ಮಡಿ ಮುಗಿಯುವವರೆಗೆ ಕಾಯ್ಲಿಕ್ಕೆ ನನಗೆ ಶುಗರ್ ಉಂಟು ಮಾರಾಯ.”